ಫ್ಲೀಟ್ ಸಾಹೇಬರ ಐದು ಲಾವಣಿಗಳು

೧

ಕನ್ನಡ ನಾಡಿನ ಪದಗಳನ್ನು ಕೂಡಿಹಾಕಿದ ಸಂಗ್ರಹಗಳು ಈಗ ಅನೇಕವಾಗಿವೆ. ಅವುಗಳಲ್ಲಿ ಕೆಲವು ಗಾತ್ರದಿಂದ ದೊಡ್ಡವು. ಕೆಲವು ವ್ಯವಸ್ಥೆಯಿಂದ ಮೇಲಾದವು. ಕೆಲವು ಧ್ವನಿಮುದ್ರಿಕೆಗಳಾಗಿ ಅಂಗಡಿಗಳಿಗೆ ಬಂದು ಸಾವಿರಾರು ಮನೆಗಳನ್ನು ಸೇರಿದವು. ಇವುಗಳ ನಡುವೆ ಬಹು ಹಿಂದಿನ ಕಾಲದ, ಅತ್ಯಲ್ಪ ಗಾತ್ರದ ಒಂದು ಗುಂಪುಂಟು. ಅದರಲ್ಲಿರುವವು ಐದೇ ಐದು ಲಾವಣಿಗಳು. ಮಾರಾಟದ ಉದ್ದೇಶವು ಅದಕ್ಕೆ ಇರಲಿಲ್ಲ. ಸಮಗ್ರತೆಯ ಹೆಮ್ಮೆಯೂ ಇರಲಿಲ್ಲ. ಒಂದು ವಿದ್ವತ್ಪತ್ರಿಕೆಯ ಪುಟಗಳಲ್ಲಿ ಅವು ಸಾವಕಾಶವಾಗಿ, ಒಂದಾದ ಮೇಲೊಂದರಂತೆ, ೧೮೮೫ರಿಂದ ೧೮೯೦ರ ವರೆಗೆ ಬೆಳಕು ಕಂಡವು. ಆದರೂ ನೂರಮೂವತ್ತು ವರುಷಗಳು ಕಳೆದ ಮೇಲೆಯೂ ಅವುಗಳನ್ನು ಓದುವವರು, ಹಾಡುವವರು, ಆಡಿ ತೋರಿಸುವವರು ಇದ್ದೇ ಇದ್ದಾರೆ. ಇಷ್ಟು ಸಣ್ಣ ಸಂಗ್ರಹಕ್ಕೆ ಇಷ್ಟು ದೊಡ್ಡ ಬಾಳಿಕೆ ಹೇಗೆ ಬಂದಿತೆಂಬದನ್ನು ವಿಚಾರಿಸುವದೇ ಪ್ರಕೃತ ಲೇಖನದ ಉದ್ದೇಶವು.

ಆ ಪತ್ರಿಕೆಯ ಹೆಸರು ಇಂಡಿಯನ್ ಆಂಟಿಕ್ವರಿ. ಅದನ್ನು ಜೇಮ್ಸ್ ಬರ್ಜೆಸ್ ಎಂಬವರು ೧೮೭೨ರಲ್ಲಿ ಮುಂಬಯಿಯಲ್ಲಿ ಪ್ರಾರಂಭಿಸಿದರು. ಸಂಗ್ರಾಹಕರು ಜಾನ್ ಫೇಥ್‌ಫುಲ್ ಫ್ಲೀಟರು. ಇವರು ೧೮೪೭ರಲ್ಲಿ ಹುಟ್ಟಿ, ೧೮೬೭ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದು, ದಕ್ಷಿಣ ವಿಭಾಗದ ವಿದ್ಯಾಖಾತೆಯ ಇನ್‌ಸ್ಪೆಕ್ಟರರಾಗಿಯೂ, ಕೊಲ್ಹಾಪುರ ಹಾಗೂ ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜಂಟರಾಗಿಯೂ ಕೆಲಸ ಮಾಡಿದವರು. ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಅವರ ಪರಿಚಯವನ್ನು ಹೇಳಬೇಕಾದುದಿಲ್ಲ. ಆದರೆ ಲಾವಣಿಗಳ ಫ್ಲೀಟರು ಶಾಸನಗಳ ಫ್ಲೀಟರಷ್ಟು ಪ್ರಸಿದ್ಧರಲ್ಲ. ತಮ್ಮ ಈ ಲೇಖನಮಾಲೆಗೆ ಅವರು ಇಟ್ಟ ತಲೆಬರಹವೂ ವಿನಯದಿಂದ ಕೂಡಿದ್ದು. ಅದರ ಅರ್ಥ, ಕನ್ನಡ ಲಾವಣಿಗಳ ಒಂದು ಆಯ್ಕೆ, ಎಂಬಷ್ಟೇ. ಕೋಶವೆಂದಾಗಲಿ ಸರ್ವಸಂಗ್ರಹವೆಂದಾಗಲಿ ಅವರು ಅದನ್ನು ಕರೆಯಲಿಲ್ಲ. ಪತ್ತಿಯ ರಾಶಿಯಿಂದ ಒಂದು ಹಿಡಿ ಅರಳೆಯನ್ನು ತೆಗೆದು ಕೈಯಲ್ಲಿಟ್ಟು ತೋರಿಸುವಂತೆ, ಇದೊಂದು ಮಾದರಿ, ನೋಡಿರಿ, ಎಂದು ಕನ್ನಡ ಮೂಲವನ್ನೂ ಅದರ ಇಂಗ್ಲೀಷ ಅನುವಾದವನ್ನೂ ವಾಚಕರ ಮುಂದೆ ಇಟ್ಟರು.

೨

ಐದು ಲಾವಣಿಗಳ ವಿಷಯಗಳನ್ನು ಮೊದಲು ತಿಳಿಯತಕ್ಕದ್ದು. ಒಂದು, ಸಂಗೊಳ್ಳಿ ರಾಯಣ್ಣನ ದಂಗೆ. ಎರಡನೆಯದು, ಕಿತ್ತೂರ ಚೆನ್ನವ್ವನ ಸೊಸೆಯ ಕಥೆ. ಮತ್ತೊಂದು, ಬೈಲಹೊಂಗಲದ ಸಂಗ್ಯಾನ ಅಪರಾಧ ಮತ್ತು ಮರಣ. ನಾಲ್ಕನೆಯದು, ಹಲಗಲಿಯ ಬೇಡರ ಬಂಡು. ಇನ್ನೊಂದು, ಸರಕಾರದವರು ಹೊರಿಸಿದ ಆದಾಯದ ತೆರಿಗೆ. ಇಲ್ಲಿ ಹೇಳಿದ ಅನುಕ್ರಮವು ನಮ್ಮದು; ಪತ್ರಿಕೆಯದಲ್ಲ.

ಈ ಐದರಲ್ಲಿ ಮೂರು ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಮತ್ತು ಕಿತ್ತೂರುಗಳ ಸೀಮೆಗೇ ಸೇರಿದವೆಂಬದು ಲಕ್ಷ್ಯದಲ್ಲಿಡಬೇಕಾದ ಸಂಗತಿ. ೧೮೨೪ನೆಯ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಸಾಹೇಬನು ಮಡಿದನು. ಅದೇ ಡಿಸೆಂಬರದಲ್ಲಿ ಕಂಪನಿಯ ಸೈನ್ಯವು ಎರಡನೆಯ ಸಲ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು ೧೮೨೯ರ ಫೆಬ್ರುವರಿಯಲ್ಲಿ ದೇಹವಿಟ್ಟಳು. ಆಕೆಯ ಸಮಾಧಿಯು ಇಂದಿಗೂ ಆ ಊರಲ್ಲಿರುವದು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣನು ರಾಣಿಯ ದತ್ತುಪುತ್ರನಾದ ಶಿವಲಿಂಗಪ್ಪನನ್ನು ಗದ್ದುಗೆಯ ಮೇಲೆ ಕೂಡ್ರಿಸಬೇಕೆಂದು ಕಾಡನ್ನು ಸೇರಿ ಹೋರಾಡಿ, ತನ್ನವರ ಮೋಸದಿಂದಲೇ ಸೆರೆಸಿಕ್ಕು, ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಇವು ರಾಜಕೀಯ ಚರಿತ್ರೆಯ ಮಾತುಗಳು. ಚೆನ್ನವ್ವನ ಸೊಸೆಯ ಲಾವಣಿಯಾದರೋ, ಹೆಸರೇ ಹೇಳುವಂತೆ, ಕೋಟೆಯ ಬಾಗಿಲಲ್ಲಿ ಖಡ್ಗ ಹಿಡಿದವರನ್ನು ಬಿಟ್ಟು ಆ ಮನೆಗೆ ಸೊಸೆಯಾಗಿ ಬಂದವಳನ್ನು ನೆನೆಯುವದು.

ಸಂಗ್ಯಾನ ಲಾವಣಿಯು ಮತ್ತೂ ಬೇರೆ ಬಗೆಯದು. ಇಲ್ಲಿ ರಾಜನೂ ಇಲ್ಲ, ಕಂಪನಿಯೂ ಇಲ್ಲ. ಬೈಲಹೊಂಗಲದಲ್ಲಿ ನಡೆದುಹೋದ ಒಂದು ಪ್ರಸಂಗವೇ ಇದರ ಬೀಜವು. ಪರಸ್ತ್ರೀಯಲ್ಲಿ ಮನಸ್ಸಿಟ್ಟ ತರುಣನೊಬ್ಬನು ಕೊಲೆಯಾಗಿ ಹೋದನೆಂಬಷ್ಟೇ ಅದರ ಸಾರ. ಪೇಟೆಯ ಕಟ್ಟೆಯ ಮೇಲೆ ಕುಳಿತವರು ತಗ್ಗಿದ ದನಿಯಲ್ಲಿ ಆಡಿಕೊಳ್ಳುವ ಮಾತು ಇಲ್ಲಿ ಹಾಡಾಗಿ ನಿಂತಿದೆ.

ಹಲಗಲಿಯು ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಳ್ಳಿ. ರಾಮದುರ್ಗದ ಸೀಮೆಗೆ ಅದು ದೂರವಲ್ಲ. ೧೮೫೭ರಲ್ಲಿ ಆಯುಧಗಳನ್ನು ಕಸಿದುಕೊಳ್ಳಬೇಕೆಂಬ ಹುಕುಮು ಹೊರಟಾಗ ಅಲ್ಲಿಯ ಬೇಡರು ಒಪ್ಪಲಿಲ್ಲ; ನವೆಂಬರದ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು; ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ಆದಾಯದ ತೆರಿಗೆಯೂ ಆ ದಂಗೆಯ ಹಿಂದೆಯೇ ಬಂದದ್ದು. ದಂಗೆಯ ವೆಚ್ಚದಿಂದ ಬೊಕ್ಕಸವು ಬರಿದಾದಾಗ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಅಧಿಕಾರಿಯು ೧೮೬೦ರಲ್ಲಿ ಅದನ್ನು ಹಿಂದುಸ್ಥಾನದಲ್ಲಿ ಮೊದಲು ಹಾಕಿದನು. ಹೀಗೆ ಬಂಡು, ಅರಮನೆ, ಪೇಟೆಯ ಕೊಲೆ, ಊರಿನ ದಹನ, ತೆರಿಗೆ, ಈ ಐದೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಇವುಗಳಲ್ಲಿ ಇದು ದೊಡ್ಡದು, ಇದು ಸಣ್ಣದು ಎಂದು ಸಂಗ್ರಾಹಕರು ಬೇರ್ಪಡಿಸಲಿಲ್ಲ.

೩

ಈ ಕೆಲಸವು ನಡೆದ ಬಗೆಯನ್ನು ಈಗ ನೋಡುವ. ಲಾವಣಿಗಳು ಪ್ರಕಟವಾಗುತ್ತಿದ್ದ ವರುಷಗಳಲ್ಲಿ ಫ್ಲೀಟರಿಗೆ ಬೇರೆ ಭಾರಗಳು ಕಡಿಮೆಯಿರಲಿಲ್ಲ. ೧೮೮೩ರಲ್ಲಿ ಅವರು ಭಾರತ ಸರಕಾರದ ಶಾಸನತಜ್ಞರಾಗಿ ನೇಮಕವಾಗಿದ್ದರು. ಗುಪ್ತರ ಕಾಲದ ಶಾಸನಗಳ ಅವರ ಮಹಾಸಂಪುಟವು ೧೮೮೮ರಲ್ಲಿ ಹೊರಬಂದಿತು. ೧೮೮೫ರಿಂದ ರಿಚರ್ಡ್ ಟೆಂಪಲ್‌ರೊಡನೆ ಇಂಡಿಯನ್ ಆಂಟಿಕ್ವರಿಯ ಸಂಪಾದಕತ್ವವನ್ನೂ ಹೊತ್ತಿದ್ದರು. ಇವುಗಳ ಮಧ್ಯದಲ್ಲಿ ಐದು ಲಾವಣಿಗಳು ಐದು ವರುಷಗಳಲ್ಲಿ ಬಂದವು. ಇದು ಅವಸರದ ಕೆಲಸವಲ್ಲವೆಂಬದು ಸ್ಪಷ್ಟವು. ಗುಪ್ತಶಾಸನಗಳ ಕಾಲನಿರ್ಣಯದಲ್ಲಿ ಒಂದೊಂದು ತಿಥಿಗಾಗಿ ಹೋರಾಡಿದ ಪಂಡಿತರಿಗೆ ಈ ಪದಗಳು ಬಿಡುವಿನ ಹೊತ್ತಿನ ಸಂತೋಷವಾಗಿದ್ದಿರಬೇಕು. ಅದರಿಂದಲೇ ಅವುಗಳ ಮೇಲೆ ಅವರು ಯಾವ ಸಿದ್ಧಾಂತವನ್ನೂ ಹೇರಲಿಲ್ಲ.

ಇಲ್ಲಿ ಸವದತ್ತಿಯ ಮಾತು ಬರುವದು ಸಹಜವು. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ಮೊದಲು ಅಲ್ಲಿಯೂ ಅನಂತರ ವೇಣುಗ್ರಾಮವೆಂಬ ಬೆಳಗಾವಿಯಲ್ಲಿಯೂ ಆಳಿದರು. ಆ ರಟ್ಟರ ಶಾಸನಗಳನ್ನು ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಸಂಪಾದಿಸಿ ಕೊಟ್ಟವರೂ ಫ್ಲೀಟರೇ. ಅದು ಅವರ ಮೊದಮೊದಲಿನ ಕೆಲಸಗಳಲ್ಲೊಂದು. ಒಂದೇ ಸೀಮೆಯಲ್ಲಿ ಒಬ್ಬರೇ ಪಂಡಿತರು ಕಲ್ಲಿನ ಮೇಲಿನ ಮಾತನ್ನೂ ಬಾಯ ಮೇಲಿನ ಮಾತನ್ನೂ ಎತ್ತಿಕೊಂಡರೆಂದಾಯಿತು. ಈ ಎರಡನ್ನೂ ಹೋಲಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರವು ಸಿಕ್ಕುವದು.

ದಾನಶಾಸನಕ್ಕೆ ಒಬ್ಬ ಒಡೆಯನಿರುವನು. ಅವನ ವಂಶದ ಹೊಗಳಿಕೆಯಿಂದ ಅದು ಆರಂಭವಾಗುವದು. ಕೊಟ್ಟ ಭೂಮಿಯ ಎಲ್ಲೆಗಳನ್ನು ಹೇಳುವದು. ಕೊನೆಗೆ ಇದನ್ನು ಅಳಿಸಿದವನಿಗೆ ಇಂಥ ಪಾಪವು ಬರಲೆಂದು ಶಾಪವಿಟ್ಟು ಮುಗಿಯುವದು. ತನ್ನ ಬಾಳಿಕೆಗೆ ಬೇಕಾದ ಕಾವಲನ್ನು ಅದು ತಾನೇ ಕಟ್ಟಿಕೊಳ್ಳುವದು. ಲಾವಣಿಗೆ ಇಂಥ ಒಡೆಯನಿಲ್ಲ, ಕಾವಲಿಲ್ಲ. ಅದರ ಕೊನೆಯಲ್ಲಿ ಶಾಪದ ಸ್ಥಾನದಲ್ಲಿ ಅಂಕಿತವಿರುವದು. ಹಾಡಿದವರ ಊರು, ಆ ಊರ ದೇವರು, ಗುರು, ಇವರ ನೆನಹಿನಿಂದ ಹಾಡು ಮುಗಿಯುವದು. ಹಲಗಲಿಯ ಲಾವಣಿಯ ಅಂಕಿತದಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರು ಬರುವದನ್ನು ಅನೇಕ ವಾಚಕರು ಬಲ್ಲರು. ಅಂಕಿತವು ಯಾರನ್ನೂ ಹೆದರಿಸುವದಿಲ್ಲ. ನಾವು ಇಂಥ ಕಡೆಯವರು ಎಂದು ಗುರುತು ಹೇಳುವದು ಮಾತ್ರ. ಆದುದರಿಂದ ಲಾವಣಿಯು ಉಳಿಯಬೇಕಾದರೆ ಕೇಳಿದವನು ಮತ್ತೊಮ್ಮೆ ಕೇಳಬೇಕೆನ್ನಬೇಕು. ಬೇರೆ ದಾರಿಯೇ ಅದಕ್ಕಿಲ್ಲ.

೪

ಲಾವಣಿಯ ಸ್ವರೂಪವನ್ನರಿಯದವರಿಗೆ ಎರಡು ಮಾತು. ಈ ಭಾಗದಲ್ಲಿ ಮುಖ್ಯ ಹಾಡುಗಾರನೊಬ್ಬನು ಡಪ್ಪನ್ನು ಬಾರಿಸುತ್ತ ನುಡಿಯನ್ನೆತ್ತುವನು. ಹಿಂದೆ ನಿಂತವರು ತುಂತುಣಿ ಮತ್ತು ತಾಳಗಳೊಡನೆ ಪಲ್ಲವನ್ನು ಹಿಡಿಯುವರು. ಪಲ್ಲ, ನುಡಿ, ಏರು, ಇಳುವು, ಚಾಲ ಎಂದು ಹಾಡಿನ ನಡೆಗೆ ಭೇದಗಳುಂಟು. ಕಥೆಯು ಓಡುವಾಗ ಒಂದು ನಡೆ, ನಿಂತು ದುಃಖಿಸುವಾಗ ಮತ್ತೊಂದು. ಹರದೇಶಿಯವರು ಗಂಡಿನ ಪಕ್ಷವನ್ನೂ ನಾಗೇಶಿಯವರು ಹೆಣ್ಣಿನ ಪಕ್ಷವನ್ನೂ ಹಿಡಿದು ಸವಾಲು ಜವಾಬುಗಳಿಂದ ಬೆಳಗಿನ ವರೆಗೆ ಹಾಡುವದುಂಟು. ಇಂಥ ರಾತ್ರಿಯಲ್ಲಿ ಹಾಡಿನ ಉದ್ದವನ್ನು ಗೊತ್ತುಪಡಿಸುವವರು ಯಾರು? ಕೇಳುವವರ ನಿದ್ದೆ, ಹಾಡುವವನ ಕಸುವು, ಇವೆರಡೇ. ಹಾಡು ಮುಗಿದ ಮೇಲೆ ಊರವರು ಶಾಲನ್ನು ಹೊದಿಸಬಹುದು, ಕಾಣಿಕೆಯನ್ನು ಕೊಡಬಹುದು. ಆದರೆ ಅದು ಹಾಡಿಗೆ ಸಂದ ಗೌರವವು. ಹಾಡನ್ನು ಅಳೆದು ಕತ್ತರಿಸುವ ಬೆಲೆಯಲ್ಲ.

ಸಂಗೀತಶಾಸ್ತ್ರದಲ್ಲಿ ಇದಕ್ಕೆ ಉಪಯುಕ್ತವಾದ ಒಂದು ಭೇದವನ್ನು ಮಾಡಿರುವರು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳುವಾಗ ವಾಕ್ಕನ್ನು ಮಾತು ಎಂತಲೂ ಗೇಯವನ್ನು ಧಾತು ಎಂತಲೂ ಕರೆದಿರುವನು. ಅವನು ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದವನು. ಆ ಸಿಂಘಣನ ಕಾಲದಲ್ಲಿಯೇ ರಟ್ಟರ ಆಳ್ವಿಕೆಯು ಮುಗಿದು ಈ ಸೀಮೆಯು ಸೇವುಣರ ಕೈಸೇರಿದ್ದರಿಂದ, ಶಾರ್ಙ್ಗದೇವನು ಈ ನಾಡಿಗೆ ತೀರ ಹೊರಗಿನವನಲ್ಲ. ಅವನ ಭೇದವನ್ನು ಇಲ್ಲಿ ಅನ್ವಯಿಸಿದರೆ, ಮುದ್ರಣವು ಲಾವಣಿಯ ಮಾತನ್ನು ಹಿಡಿದಿಟ್ಟಷ್ಟು ಚೆನ್ನಾಗಿ ಧಾತುವನ್ನು ಹಿಡಿದಿಡಲಾರದು. ಸ್ವರಗಳನ್ನು ಗುರುತುಗಳಿಂದ ಬರೆದಿಟ್ಟರೂ ಡಪ್ಪಿನ ಪೆಟ್ಟು, ಪಲ್ಲವನ್ನು ಹಿಡಿಯುವವರ ಉಸಿರು, ಸಭೆಯ ನಗೆ, ಇವು ಕಾಗದಕ್ಕೆ ಇಳಿಯುವದಿಲ್ಲ.

ಇದು ಕೊರತೆಯೆಂಬದು ನಿಜ. ಆದರೆ ಈ ಕೊರತೆಯಿಂದಲೇ ಒಂದು ಲಾಭವಾಗಿದೆ. ಮಾತನ್ನು ಮಾತ್ರ ಪುಸ್ತಕದಿಂದ ಪಡೆದವನು ಧಾತುವಿಗಾಗಿ ಊರಿಗೆ ಬರಬೇಕಾಗುವದು. ಹಾಡನ್ನು ಕಣ್ಣಿನಿಂದ ಓದಿ ಮುಗಿಸಿದವನಿಗೆ ಏನೋ ಉಳಿಯಿತೆಂಬ ಭಾವವು ಬಿಡುವದಿಲ್ಲ. ಸಂಗ್ರಹವು ಹಸಿವನ್ನು ಹಿಂಗಿಸಲಿಲ್ಲ, ಹುಟ್ಟಿಸಿತು. ಮಾದರಿಯೆಂಬದರ ಧರ್ಮವೇ ಅದು.

೫

ಮಾದರಿಯನ್ನು ಕುರಿತು ನಮ್ಮ ಶಾಸ್ತ್ರಗಳಲ್ಲಿ ಸ್ಥಾಲೀಪುಲಾಕನ್ಯಾಯವೆಂಬ ಪ್ರಸಿದ್ಧ ನ್ಯಾಯವಿದೆ. ಗಡಿಗೆಯಲ್ಲಿಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಎಲ್ಲ ಅನ್ನವೂ ಬೆಂದಿತೋ ಇಲ್ಲವೋ ಎಂಬದು ತಿಳಿಯುವದು. ಕೆಲವು ವಿದ್ವಾಂಸರು ಈ ನ್ಯಾಯದಂತೆಯೇ ಐದು ಲಾವಣಿಗಳಿಂದ ಇಡೀ ನಾಡಿನ ಮನಸ್ಸನ್ನು ಅಳೆಯಹೊರಡುವರು. ಮತ್ತೆ ಕೆಲವರು, ಐದೇ ಹಾಡುಗಳಿಂದ ಏನನ್ನು ತಾನೇ ಹೇಳಲಾದೀತು, ಇದು ಅಪೂರ್ಣವಾದ ಸಂಗ್ರಹವು, ಎಂದು ಅದನ್ನು ಬದಿಗಿಡುವರು. ಈ ಎರಡೂ ಪಕ್ಷಗಳು ನ್ಯಾಯದ ಮರ್ಮವನ್ನು ಮರೆತಿವೆಯೆಂದು ನಮಗೆ ತೋರುವದು.

ಒಂದು ಅಗುಳು ಉಳಿದವುಗಳಿಗೆ ಸಾಕ್ಷಿಯಾಗುವದು ಯಾವ ಕಾರಣದಿಂದ? ಗಡಿಗೆಯೊಂದೇ, ನೀರೊಂದೇ, ಉರಿಯೊಂದೇ ಆಗಿರುವ ಕಾರಣದಿಂದ. ಹಾಡುಗಳ ವಿಷಯದಲ್ಲಿ ಹಾಗಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ನೋಡಿರಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಲಕ್ಷಾವಧಿ ಜನರು ಅಲ್ಲಿ ಕೂಡುವರು. ಚೌಡಿಕೆಯ ಒಂದೇ ತಂತಿಯನ್ನು ಬಿಗಿಮಾಡುತ್ತ ಸಡಿಲಿಸುತ್ತ ತಾಯಿಯ ಕಥೆಯನ್ನು ಹಾಡುವರು. ಆ ಪದಗಳು ಐದರ ಗುಂಪಿನಲ್ಲಿಲ್ಲ. ರಾಮದುರ್ಗ ತಾಲ್ಲೂಕಿನ ಸುರೇಬಾನವನ್ನು ನೋಡಿರಿ. ನರಗುಂದದ ಬಾಬಾಸಾಹೇಬನು ೧೮೫೮ರ ಮೇ ತಿಂಗಳಲ್ಲಿ ಬಂಡೆದ್ದಾಗ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಕೊಲೆಯಾದದ್ದು ಅಲ್ಲಿಯೇ. ಫ್ಲೀಟರು ಮುಂದೆ ಸಹಾಯಕರಾಗಿ ಬಂದದ್ದು ಅದೇ ಏಜಂಟರ ಕಚೇರಿಯ ಪರಂಪರೆಗೆ. ಆದರೂ ನರಗುಂದದ ಕಥೆಯು ಅವರ ಆಯ್ಕೆಯಲ್ಲಿ ಬರಲಿಲ್ಲ. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳಂತೂ ಬೇರೆಯೇ ಒಂದು ಲೋಕವು. ಕಲ್ಯಾಣದ ಚಾಳುಕ್ಯನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದಲ್ಲಿ ಕುಟ್ಟುವ ಕೆಲಸಕ್ಕೆ ತ್ರಿಪದಿ, ಕಥೆಗೆ ಷಟ್ಪದಿ, ಮದುವೆಗೆ ಧವಳ ಎಂದು ಹಾಡುಗಳನ್ನು ಹೊತ್ತಿಗೆ ತಕ್ಕಂತೆ ಬೇರ್ಪಡಿಸಿದ್ದನು. ಫ್ಲೀಟರ ಗುಂಪಿಗೆ ಈ ತ್ರಿಪದಿಗಳೂ ಬರಲಿಲ್ಲ. ಅವು ಪುಸ್ತಕರೂಪದಲ್ಲಿ ಕೀರ್ತಿಗೆ ಬರಲು ೧೯೩೧ನೆಯ ವರುಷದ ವರೆಗೆ ಕಾಯಬೇಕಾಯಿತು. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ತಮ್ಮ ನೆರೆಹೊರೆಯಿಂದಲೇ ಕೂಡಿಹಾಕಿದ ಗರತಿಯ ಹಾಡು ಎಂಬ ಗ್ರಂಥವೇ ಅದು. ಅದೂ ಲಾಭದ ಆಸೆಯಿಂದ ಹುಟ್ಟಿದ್ದಲ್ಲ.

ಆದುದರಿಂದ ಐದು ಲಾವಣಿಗಳು ಇಡೀ ಗಡಿಗೆಯ ಸಾಕ್ಷಿಯಲ್ಲ. ಹಾಗೆಂದು ಅವು ನಿಷ್ಪ್ರಯೋಜಕವೂ ಅಲ್ಲ. ಶಾಸ್ತ್ರಕಾರರು ಲಕ್ಷಣ, ಲಕ್ಷ್ಯ ಎಂದು ಎರಡನ್ನು ಹೇಳುವರು. ಲಕ್ಷಣವು ಸಮಗ್ರವಾಗಿರಬೇಕು, ಒಂದನ್ನು ಬಿಟ್ಟರೂ ಅದಕ್ಕೆ ಅವ್ಯಾಪ್ತಿದೋಷವು ತಟ್ಟುವದು. ಲಕ್ಷ್ಯಕ್ಕೆ ಆ ಹಂಗಿಲ್ಲ. ಒಂದೇ ಲಕ್ಷ್ಯವಾದರೂ ಅದು ತಾನು ಪೂರ್ಣವಾಗಿದ್ದರೆ ಸಾಕು. ಫ್ಲೀಟರು ಲಾವಣಿಯ ಲಕ್ಷಣವನ್ನು ಬರೆಯಹೋಗಲಿಲ್ಲ. ಐದು ಲಕ್ಷ್ಯಗಳನ್ನು ಇಟ್ಟರು. ಲಕ್ಷಣಗ್ರಂಥಗಳು ಹೊಸ ಲಕ್ಷಣಗಳು ಬಂದಾಗ ಹಳತಾಗುವವು, ಲಕ್ಷ್ಯವು ಹಳತಾಗುವದಿಲ್ಲ.

೬

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸಂಗ್ರಾಹಕರು ಆಳುವವರ ಪಕ್ಷದವರು. ರಾಯಣ್ಣನನ್ನು ಗಲ್ಲಿಗೇರಿಸಿದ, ಹಲಗಲಿಯನ್ನು ಸುಟ್ಟ, ತೆರಿಗೆಯನ್ನು ಹಾಕಿದ ಆಡಳಿತದ ಸಂಬಳವನ್ನುಂಡವರು. ಪ್ರಜೆಗಳ ಮನಸ್ಸಿನಲ್ಲಿ ಏನಿದೆಯೆಂಬದನ್ನು ತಿಳಿದುಕೊಳ್ಳುವದು ಆಳುವವರಿಗೆ ಪ್ರಯೋಜನದ ಸಂಗತಿಯೇ. ಹೀಗಿರಲು ಈ ಸಂಗ್ರಹವನ್ನು ನಿರಪೇಕ್ಷವಾದದ್ದೆಂದು ಹೇಗೆ ಹೇಳಬಹುದು?

ಆಕ್ಷೇಪವು ಬಲವಾದದ್ದು. ಸಂಗ್ರಾಹಕರ ಅಂತರಂಗವನ್ನು ಕುರಿತು ವಾದಿಸುವದರಲ್ಲಿ ಫಲವಿಲ್ಲ. ಪರಿಣಾಮವನ್ನು ನೋಡಬೇಕು. ಹಲಗಲಿಯ ಲಾವಣಿಯ ಕೊನೆಯ ಭಾಗದಲ್ಲಿ ದಂಡಿನವರು ಊರಿನಿಂದ ಏನೇನು ಒಯ್ದರೆಂಬದರ ಎಣಿಕೆ ಬರುವದು. ಬೆಲ್ಲ, ಉಪ್ಪು, ಜೀರಿಗೆ, ಅರಿಷಿಣ, ಗಂಗಾಳ, ಬೀಸುಕಲ್ಲು, ಮಂಗಳಸೂತ್ರ, ಹೀಗೆ ಅಡಿಗೆಮನೆಯ ಮೂಲೆಯಿಂದ ಹೆಂಗಸಿನ ಕೊರಳಿನ ವರೆಗೆ ಆ ಎಣಿಕೆಯು ನಡೆಯುವದು. ಸೇನಾಧಿಕಾರಿಗಳು ಮೇಲಿನವರಿಗೆ ಬರೆಯುವ ವರದಿಯಲ್ಲಿ ಸತ್ತವರ ಸಂಖ್ಯೆಯು ಇರಬಹುದು, ಬೀಸುಕಲ್ಲಿಗೆ ಸ್ಥಳವಿರುವದಿಲ್ಲ. ಆ ಬೀಸುಕಲ್ಲಿನ ನೆನಪನ್ನು ಸರಕಾರದ ಅಧಿಕಾರಿಯೊಬ್ಬರು ತಿದ್ದದೆ, ಮರೆಮಾಡದೆ ಅಚ್ಚುಹಾಕಿಸಿದರು. ಅವರ ಉದ್ದೇಶವು ಏನೇ ಇರಲಿ, ಹಾಡು ತನ್ನ ಪಕ್ಷವನ್ನು ಬಿಡಲಿಲ್ಲ. ಸಂಗ್ರಾಹಕನು ಕತ್ತರಿಯನ್ನು ಎತ್ತದಿದ್ದರೆ ಅವನ ಉದ್ದೇಶಕ್ಕಿಂತ ಹಾಡಿನ ಉದ್ದೇಶವೇ ಕೊನೆಗೆ ಗೆಲ್ಲುವದು.

ಕತ್ತರಿಯನ್ನು ಎತ್ತದಿರುವದೇ ನಿರ್ಲಾಭ ಸಂಗ್ರಹದ ಮುಖ್ಯ ಗುಣವು. ಫ್ಲೀಟರ ಕೊನೆಯ ಲಾವಣಿಯು ಬಂದ ಹನ್ನೆರಡು ವರುಷಗಳ ಮೇಲೆ, ೧೯೦೨ರಲ್ಲಿ, ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರಜಾನಳ ಹಾಡನ್ನು ಗ್ರಾಮೊಫೋನ ತಟ್ಟೆಯ ಮೇಲೆ ಹಿಡಿದನು. ಅದರಿಂದ ನಮ್ಮ ಸಂಗೀತಕ್ಕಾದ ಉಪಕಾರವು ಸಣ್ಣದಲ್ಲ. ಆದರೆ ಆ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುವದು ಸುಮಾರು ಮೂರು ನಿಮಿಷಗಳ ಹಾಡು ಮಾತ್ರ. ಹಲಗಲಿಯ ಕಥೆಯನ್ನು ಮೂರು ನಿಮಿಷಗಳಲ್ಲಿ ಹಾಡಿರೆಂದರೆ ವೀರರ ಹೆಸರುಗಳು ಉಳಿದಾವು, ಯುದ್ಧವು ಉಳಿದೀತು, ಬೀಸುಕಲ್ಲು ಉಳಿಯಲಾರದು. ಮಾರುವವನಿಗೆ ಯಾವದು ಬೇಗ ಹಿಡಿಸುವದೋ ಅದೇ ಬೇಕು. ನಿಧಾನವಾಗಿ ಮನಸ್ಸಿಗೆ ಇಳಿಯುವದನ್ನು ಅವನು ಮೊದಲು ಬಿಡುವನು. ಅವನ ತಪ್ಪೆಂದಲ್ಲ, ಅವನ ವ್ಯವಹಾರದ ನಿಯಮವೇ ಹಾಗೆ. ಪತ್ರಿಕೆಯ ಪುಟಕ್ಕೆ ಆ ನಿಯಮವಿರಲಿಲ್ಲ. ಆದುದರಿಂದ ಹಾಡು ತನ್ನ ಎಣಿಕೆಯನ್ನು ಪೂರ್ತಿಯಾಗಿ ಮುಗಿಸಿತು.

೭

ಇಂಥ ಸಂಗ್ರಹಕ್ಕೆ ಬಂದ ಫಲಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಂಗ್ಯಾನ ಕಥೆಯು ಈ ಸೀಮೆಯಲ್ಲಿ ಸಣ್ಣಾಟವಾಗಿ ಬೆಳೆಯಿತು. ಸಂಗ್ಯಾ ಬಾಳ್ಯಾ ಎಂಬ ಹೆಸರಿನಿಂದ ಅದು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನಡೆದು, ಚಂದ್ರಶೇಖರ ಕಂಬಾರರ ಸಂಪಾದನೆಯಿಂದ ಹೊಸ ರಂಗಭೂಮಿಯವರ ಕೈಗೂ ಬಂದಿತು. ಲಾವಣಿಯಲ್ಲಿ ಸಂಗ್ಯಾನ ಹೆಸರಷ್ಟೇ ಮುಂದಿದ್ದರೆ, ಆಟದ ಹೆಸರಿನಲ್ಲಿ ಗೆಳೆಯನಾದ ಬಾಳ್ಯಾನೂ ಸಮನಾಗಿ ನಿಂತನೆಂಬದು ಗಮನಿಸತಕ್ಕದ್ದು. ಅಪರಾಧದ ಕಥೆಯು ಗೆಳೆತನದ ಕಥೆಯಾಗಿ ತಿರುಗಿದ ಗುರುತು ಅದು. ಹಲಗಲಿಯ ಲಾವಣಿಯು ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಸೇರಿ, ಆ ಊರನ್ನು ಕಂಡಿಲ್ಲದ ಮಕ್ಕಳ ಬಾಯಲ್ಲಿಯೂ ನಿಂತಿತು. ಸಂಗೊಳ್ಳಿಯ ರಾಯಣ್ಣನ ಚರಿತ್ರೆಯನ್ನು ಬರೆದವರು ಕಾಗದಪತ್ರಗಳೊಡನೆ ಲಾವಣಿಯನ್ನೂ ಸಾಕ್ಷಿಯಾಗಿ ಕರೆಯತೊಡಗಿದರು. ಇವೆಲ್ಲವುಗಳಿಗೂ ಫ್ಲೀಟರೇ ಕಾರಣರೆಂದು ಹೇಳುವದು ಅತಿಶಯೋಕ್ತಿಯಾದೀತು. ಊರಲ್ಲಿ ಹಾಡು ಇದ್ದೇ ಇತ್ತು. ಅದಕ್ಕೆ ಪುಸ್ತಕದ ಹಂಗಿರಲಿಲ್ಲ. ಆದರೆ ಹಾಡಿನ ಒಂದು ಕಾಲದ ರೂಪವು ಹೀಗಿತ್ತು ಎಂದು ಇಂದು ತೋರಿಸಬೇಕಾದರೆ ಆ ಪುಟಗಳಿಗೇ ಹೋಗಬೇಕು. ಊರಿನ ಹಾಡು ಬದಲಾಗುತ್ತ ಬದುಕಿತು. ಪುಟದ ಹಾಡು ಬದಲಾಗದೆ ಕಾದಿತು. ಒಂದಕ್ಕೊಂದು ಬೇಕಾದವು.

ಇಂಡಿಯನ್ ಆಂಟಿಕ್ವರಿಯ ಆ ಹಳೆಯ ಸಂಪುಟಗಳು ಈಗ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುವವು. ನಿರ್ಲಾಭವಾಗಿ ಹುಟ್ಟಿದ್ದು ನಿರ್ಲಾಭವಾಗಿಯೇ ಮನೆಮನೆಗೆ ಬಂದಿತೆನ್ನಬೇಕು. ಇತ್ತ ಹಾಡನ್ನು ಹಿಡಿಯುವ ಸಾಧನವೂ ಎಲ್ಲರ ಕಿಸೆಯಲ್ಲಿರುವದು. ಕೈಯೊಳಗಿನ ಮೊಬೈಲ ಯಂತ್ರಕ್ಕೆ ಮೂರು ನಿಮಿಷಗಳ ಕಟ್ಟಿಲ್ಲ. ಮಾತಿನೊಡನೆ ಧಾತುವನ್ನೂ ಅದು ಹಿಡಿಯಬಲ್ಲುದು. ಫ್ಲೀಟರಿಗಿಲ್ಲದ ಅನುಕೂಲವು ಇಂದು ಬೈಲಹೊಂಗಲದ ಶಾಲೆಯ ಹುಡುಗನಿಗುಂಟು. ಆದರೂ ಹಿಡಿದದ್ದರಲ್ಲಿ ಬಹುಪಾಲು ಅರ್ಧ ನಿಮಿಷದ ತುಂಡುಗಳೇ. ಯಂತ್ರವು ಕಟ್ಟನ್ನು ತೆಗೆಯಿತು, ನಾವೇ ಕತ್ತರಿಯನ್ನು ಕೈಗೆತ್ತಿಕೊಂಡೆವು.

ಆದುದರಿಂದ ಕಾರ್ಯಸಾಧ್ಯವಾದ ಒಂದು ಸೂಚನೆಯನ್ನು ಇಲ್ಲಿ ಮಾಡುವದು ಯುಕ್ತವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಲ್ಲಿ ಲಾವಣಿ, ಗೀಗೀಪದ, ಚೌಡಿಕೆಯ ಪದ, ಬೀಸುವ ಪದಗಳನ್ನು ಬಲ್ಲ ಹಿರಿಯರು ಇನ್ನೂ ಇರುವರು. ಸರ್ವಸಂಗ್ರಹದ ದೊಡ್ಡ ಯೋಜನೆಗಾಗಿ ಕಾಯಬೇಕಾದ ಕಾರಣವಿಲ್ಲ. ಹಾಗೆ ಕಾದಷ್ಟೂ ಹಾಡುಗಳು ಹಿರಿಯರೊಡನೆ ಹೊರಟುಹೋಗುವವು. ತಾಲ್ಲೂಕಿಗೆ ಐದೇ ಹಾಡುಗಳು ಸಾಕು. ಒಂದೊಂದನ್ನೂ ಮೊದಲಿನಿಂದ ಅಂಕಿತದ ವರೆಗೆ ಪೂರ್ತಿಯಾಗಿ ಹಿಡಿಯಬೇಕು. ಹಾಡಿದವರ ಒಪ್ಪಿಗೆಯನ್ನು ಪಡೆದು ಅವರ ಹೆಸರು, ಊರು, ಕಲಿಸಿದ ಗುರು, ಹಾಡಿದ ದಿನ, ಇವುಗಳನ್ನು ಬರೆದಿಡಬೇಕು. ಮಾತನ್ನು ಕೇಳಿದಂತೆ ಬರೆಯಬೇಕು, ವ್ಯಾಕರಣಕ್ಕಾಗಿ ತಿದ್ದಬಾರದು. ಊರಿನ ವಾಚನಾಲಯದಲ್ಲಿ ಒಂದು ಪ್ರತಿಯನ್ನೂ ಹಾಡಿದವರ ಮನೆಯಲ್ಲಿ ಇನ್ನೊಂದನ್ನೂ ಇಡಬೇಕು. ಅದಕ್ಕೆ ಬೆಲೆಯನ್ನು ಕಟ್ಟಬಾರದು. ಹಾಡುಗಾರರಿಗೆ ಸಲ್ಲಬೇಕಾದ ಗೌರವಧನವನ್ನು ಮಾತ್ರ ಮರೆಯಬಾರದು. ಸಂಗ್ರಹವು ನಿರ್ಲಾಭವಾಗಿರಬೇಕೆಂಬದರ ಅರ್ಥವು ಹಾಡುವವರು ಹಸಿದಿರಬೇಕೆಂದಲ್ಲ.

ನಾಲ್ಕು ತಾಲ್ಲೂಕುಗಳಿಂದ ಇಪ್ಪತ್ತು ಹಾಡುಗಳಾದಾವು. ಇಡೀ ಗಡಿಗೆಯ ಅನ್ನವು ಬೆಂದಿತೋ ಇಲ್ಲವೋ ಎಂಬದಕ್ಕೆ ಅವು ಪ್ರಮಾಣವಾಗಲಾರವು. ಆದರೆ ಮುಂದೆ ಬರುವವನೊಬ್ಬನು ಅವುಗಳನ್ನು ಕೇಳಿ, ಇನ್ನಷ್ಟು ಎಲ್ಲಿವೆಯೆಂದು ವಿಚಾರಿಸುತ್ತ ಊರಿಗೆ ಬಂದರೆ ಅವುಗಳ ಕೆಲಸವು ಮುಗಿಯಿತು. ಫ್ಲೀಟ್ ಸಾಹೇಬರ ಐದು ಲಾವಣಿಗಳು ಇಂದಿಗೂ ಅದೇ ಕೆಲಸವನ್ನು ಮಾಡುತ್ತಲಿವೆ.